ಕತ್ತಿಯ ನಂಬರು, ಕೂಲಿಯ ಹೆಸರು
(ಮಸ್ಕಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಮುದ್ರ ಕಾಣದ ಈ ಸೀಮೆಯಲ್ಲಿ ನಾವು ಇಂದು ನೌಕಾಪಡೆಯ ಕತ್ತಿಯ ಮಾತು ಎತ್ತಿದ್ದೇವೆ. ಕಾರಣವಿದೆ.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ನೌಕಾಧಿಕಾರಿ ತನ್ನ ಕತ್ತಿಯನ್ನು ತಾನೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದ. 1827ರ ನಮೂನೆಯ ಹಿಡಿಯಲ್ಲಿ ಸಿಂಹದ ತಲೆ, ಕಿರೀಟ, ಲಂಗರು. ಲಂಡನ್ನಿನ ವಿಲ್ಕಿನ್ಸನ್ ಕಂಪನಿ 1850ರ ದಶಕದಿಂದ ಕತ್ತಿಯ ಬೆನ್ನಿಗೆ ನಂಬರು ಹೊಡೆದು ದಫ್ತರದಲ್ಲಿ ಬರೆದಿಡುತ್ತಿತ್ತು. ಆ ನಂಬರು ಹಿಡಿದು ಎಷ್ಟೋ ಕತ್ತಿಗಳ ಒಡೆಯ ಯಾರೆಂದು ಇಂದಿಗೂ ಹೇಳಬಹುದು.

ಅದೇ ಕಾಲದಲ್ಲಿ ನಮ್ಮವರ ಕತ್ತಿ ಏನಾಯಿತು? ಲೈಸೆನ್ಸ್ ಇಲ್ಲದೆ ಆಯುಧ ಇಡಕೂಡದೆಂದು ಕಂಪನಿ ಸರಕಾರ 1857ರಲ್ಲಿ ಕಾಯಿದೆ ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರಿನಲ್ಲಿ ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. 1858ರ ಫೆಬ್ರವರಿಯಲ್ಲಿ ನಮ್ಮ ಲಿಂಗಸುಗೂರು ಛಾವಣಿಯಿಂದಲೇ ದಂಡು ಹೊರಟು ಸುರಪುರದ ವೆಂಕಟಪ್ಪ ನಾಯಕನ ಮೇಲೆ ಹೋಯಿತು.

ಹಲಗಲಿಯ ಆಯುಧಗಳಿಗೆ ಲಂಡನ್ನಿನ ನಂಬರು ಇರಲಿಲ್ಲ. ಆದರೂ ಜಡಗ, ಬಾಲ ಎಂಬ ಹೆಸರುಗಳು ಉಳಿದವು, ಲಾವಣಿಕಾರರ ಬಾಯಲ್ಲಿ. ಜನ ಮರೆಯಲಿಲ್ಲ, ಆದ್ದರಿಂದ ಉಳಿದವು.

ಇದೇ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಒಂದು ಶಾಸನ ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಹೇಳಿದ್ದು ಅದು. ಧರ್ಮದ ಗುರಿಯನ್ನು ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮುಟ್ಟಬಲ್ಲರು ಎಂದೂ ಅದರಲ್ಲಿ ಕೊರೆದಿದೆ. ಸಣ್ಣವರ ಲೆಕ್ಕವನ್ನು ಅರಸನೇ ಕಲ್ಲಿನ ಮೇಲೆ ಇಟ್ಟ ಊರು ಇದು.

ಹಾಗಾದರೆ ಕೇಳುತ್ತೇವೆ: ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಅಣ್ಣಂದಿರೇ, ಹತ್ತಿ ಜಿನ್ನಿನಲ್ಲಿ ದುಡಿಯುವ ಅಕ್ಕಂದಿರೇ, ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ? ಕಿರ್ದಿಯಲ್ಲಿ ಬರೆಯದ ಬಾಕಿಯನ್ನು ವಸೂಲು ಮಾಡುವುದು ಎಷ್ಟು ಕಷ್ಟವೆಂದು ವ್ಯಾಪಾರಿ ಬಂಧುಗಳು ಬಲ್ಲರು. ಕೂಲಿಯದೂ ಅಷ್ಟೆ. ಹೆಸರಿಲ್ಲದವನ ಕೈ ಯಂತ್ರಕ್ಕೆ ಸಿಕ್ಕ ದಿನ, ಈ ಮನುಷ್ಯ ನಮ್ಮಲ್ಲಿ ದುಡಿದೇ ಇಲ್ಲ ಎಂದುಬಿಡುವುದು ಸುಲಭ. ಪರಿಹಾರವೂ ಇಲ್ಲ, ಪಿ.ಎಫ್. ಕೂಡ ಇಲ್ಲ.

ಗೋಡೆಗೆ ತೂಗುಹಾಕಿದ ಕತ್ತಿಗೆ ಲೆಕ್ಕ ಇರಬಹುದಾದರೆ ದುಡಿಯುವ ಕೈಗೆ ಯಾಕಿರಬಾರದು? ನಾಳೆ ಕೆಲಸಕ್ಕೆ ಹೋದಾಗ ಪುಸ್ತಕ ತೋರಿಸಿ ಎಂದು ಕೇಳಿರಿ. ಒಬ್ಬೊಬ್ಬರೇ ಹೋಗಬೇಡಿ. ಹತ್ತು ಮಂದಿ ಕೂಡಿ ಹೋಗಿರಿ. ಹನ್ನೊಂದನೆಯವರಾಗಿ ನಾವು ಬರುತ್ತೇವೆ.