ದಿನಕ್ಕೊಂದು ಇಂಗ್ಲಿಷ್ ಪದ

(ತಿಂಗಳ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಎಲೆ ತೂಕ ಮುಗಿಸಿ, ಗುಡ್ಡ ಇಳಿದು, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದೀರಿ. ನಿಮ್ಮ ಕಾಲು ನೋಯುತ್ತಿರುವುದು ನಮಗೆ ಗೊತ್ತು. ಆದುದರಿಂದ ಬಹಳ ಹೊತ್ತು ಕೂರಿಸಿಕೊಳ್ಳುವುದಿಲ್ಲ. ಇಂದು ಹೇಳಬೇಕಾದ ವಿಷಯ ಒಂದೇ: ದಿನಕ್ಕೊಂದು ಇಂಗ್ಲಿಷ್ ಪದವನ್ನು ನಾವೆಲ್ಲರೂ ಕಲಿಯೋಣ.

‘ಈ ವಯಸ್ಸಿನಲ್ಲಿ ನಮಗೇಕೆ ದೊರೆಗಳ ಭಾಷೆ?’ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಅಂದದ್ದು ಕೇಳಿಸಿತು. ನ್ಯಾಯವಾದ ಪ್ರಶ್ನೆ. ನಮ್ಮ ನೀಲಗಿರಿಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಗೂಡಲೂರು ದಾಟಿ ವಯನಾಡಿಗೆ ಇಳಿದರೆ ಮಲಯಾಳ. ಮೂರು ಭಾಷೆಗಳನ್ನು ಯಾವ ಮೇಷ್ಟರೂ ಇಲ್ಲದೆ ಕಲಿತ ಜನ ನಾವು. ಆದರೆ ನಮ್ಮ ಹೊಟ್ಟೆಪಾಡಿನ ಲೆಕ್ಕ ಬರೆದ ಕಾಗದಗಳು ಹೆಚ್ಚಾಗಿ ಈ ಮೂರರಲ್ಲಿ ಯಾವುದರಲ್ಲೂ ಇರುವುದಿಲ್ಲ. ಸಂಬಳದ ಚೀಟಿ, ಪಿ.ಎಫ್. ಕಾಗದ, ಆಸ್ಪತ್ರೆಯ ಚೀಟಿ, ಮಾತ್ರೆಯ ಹಾಳೆ, ಇವೆಲ್ಲ ಮಾತಾಡುವುದು ನಾಲ್ಕನೆಯ ಭಾಷೆಯಲ್ಲಿ. ನಾವು ಅದರ ಕೆಳಗೆ ಹೆಬ್ಬೆಟ್ಟು ಒತ್ತುತ್ತೇವೆ.

ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇವೆ. ನಮ್ಮ ತಾಯಿ ಒಂದು ತೋಟದಲ್ಲಿ ಎಲೆ ಕಿತ್ತವರು. ಯಾವ ತೋಟವೆಂದು ಹೇಳುವುದು ಬೇಡ, ಜಗಳ ತೆಗೆಯಲು ಬಂದಿಲ್ಲ. ವರ್ಷಕ್ಕೊಮ್ಮೆ ಅವರ ಕೈಗೆ ಒಂದು ಕಾಗದ ಕೊಟ್ಟು ಹೆಬ್ಬೆಟ್ಟು ಪಡೆಯುತ್ತಿದ್ದರು. ನಾವಾಗ ಐದನೆಯ ತರಗತಿ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಬರುತ್ತಿತ್ತು. ‘ಮೇಲ್ಗಡೆ ದಪ್ಪಕ್ಷರದಲ್ಲಿ ಏನು ಬರೆದಿದೆ, ನೋಡು ಮಗಾ’ ಎಂದು ತಾಯಿ ಕೇಳಿದರು. ‘ಟೆಂಪರರಿ’ ಎಂದು ಓದಿದೆವು. ಅರ್ಥ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಚಿಕೆಯಾಯಿತು. ‘ಏನೂ ಇಲ್ಲಮ್ಮಾ, ತೋಟದ ಹೆಸರು’ ಎಂದುಬಿಟ್ಟೆವು. ಮಗ ಓದಿದನೆಂಬ ಸಂತೋಷದಲ್ಲಿ ತಾಯಿ ಕಾಗದವನ್ನು ಮಡಚಿ ತಗಡಿನ ಪೆಟ್ಟಿಗೆಯಲ್ಲಿಟ್ಟರು.

2004ರಲ್ಲಿ ಅವರು ಕೆಲಸ ಬಿಟ್ಟಾಗ ಗ್ರ್ಯಾಚುಯಿಟಿಯ ಲೆಕ್ಕ ಬಂತು. ಮೊದಲ 9 ವರ್ಷ ಆ ಲೆಕ್ಕದಲ್ಲಿರಲಿಲ್ಲ. ಕೇಳಿದರೆ, ‘ಅವು ಟೆಂಪರರಿ ವರ್ಷಗಳು’ ಎಂದರು. ತಾಯಿ ಆಗಲೇ ‘ಫುಲ್ ಅಂಡ್ ಫೈನಲ್’ ಎಂಬ ಇನ್ನೊಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಯಾಗಿತ್ತು. ಎಲ್ಲವೂ ಬಂತು, ಇನ್ನು ಕೇಳುವುದೇನೂ ಇಲ್ಲ ಎಂಬುದು ಅದರ ಅರ್ಥ. ವರ್ಷಕ್ಕೆ 15 ದಿನದಂತೆ 9 ವರ್ಷಕ್ಕೆ 135 ದಿನದ ಕೂಲಿ ಹೋಯಿತು. ಒಂದು ಪದದ ಬೆಲೆ 135 ದಿನದ ಕೂಲಿ ಎಂದು ಅಂದು ಕಲಿತೆವು.

ಈಗ ಕಾಯಿದೆ ಏನು ಹೇಳುತ್ತದೆ, ಕೇಳಿ. ಗ್ರ್ಯಾಚುಯಿಟಿ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಮೂಲಾರ್ಥ ಕೃತಜ್ಞತೆಯ ಕಾಣಿಕೆ. ಆದರೆ 1972ರ ಗ್ರ್ಯಾಚುಯಿಟಿ ಕಾಯಿದೆ ಅದನ್ನು ಕಾಣಿಕೆಯಾಗಿ ಉಳಿಸಲಿಲ್ಲ, ಹಕ್ಕನ್ನಾಗಿ ಮಾಡಿತು. 5 ವರ್ಷ ಎಡೆಬಿಡದೆ ದುಡಿದವರು ಕೆಲಸ ಬಿಟ್ಟಾಗ, ದುಡಿದ ಪ್ರತಿ ವರ್ಷಕ್ಕೆ ಕೊನೆಯ ಸಂಬಳದ ದರದಲ್ಲಿ 15 ದಿನದ ವೇತನ ಸಿಗಬೇಕು. ಕೊನೆಯಲ್ಲಿ 6 ತಿಂಗಳಿಗೆ ಮೇಲ್ಪಟ್ಟು ಉಳಿದರೆ ಅದನ್ನೂ ಒಂದು ವರ್ಷವೆಂದೇ ಹಿಡಿಯಬೇಕು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 15 ದಿನದ ಲೆಕ್ಕ ಮಾತ್ರ ಅದರಲ್ಲೂ ಹಾಗೆಯೇ ಇದೆ. ದಿನಗೂಲಿ 400 ರೂಪಾಯಿ ಎಂದಿಟ್ಟುಕೊಳ್ಳಿ, 20 ವರ್ಷ ದುಡಿದಿದ್ದೀರಿ. 400ನ್ನು 15ರಿಂದ, ಅದನ್ನು 20ರಿಂದ ಗುಣಿಸಿದರೆ 1,20,000 ರೂಪಾಯಿ. ಇದರಲ್ಲಿ ಯಾರ ದಯೆಯೂ ಇಲ್ಲ.

ಇನ್ನೊಂದು ಮಾತನ್ನು ಯೂನಿಯನ್ನಿನ ಹಿರಿಯರು ನಮಗೆ ತಡವಾಗಿ ತಿಳಿಸಿದರು. ‘ಟೆಂಪರರಿ’ ಎಂದು ತಲೆಬರಹ ಹಾಕಿದ ಮಾತ್ರಕ್ಕೆ ಆ ವರ್ಷ ಸಾಯುವುದಿಲ್ಲ. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಎಡೆಬಿಡದ ಸೇವೆಯೆಂದೇ ಲೆಕ್ಕ. ತಾಯಿ ಆ ವರ್ಷಗಳಲ್ಲಿ ಅಷ್ಟು ದಿನ ಕೆಲಸಕ್ಕೆ ಹೋಗಿದ್ದರು. ಆದರೆ ತೋರಿಸಲು ಹಾಜರಿ ಚೀಟಿ ಒಂದೂ ಇರಲಿಲ್ಲ. ಮಳೆಗಾಲದಲ್ಲಿ ಒಲೆ ಹೊತ್ತಿಸಲು ನಾವೇ ಅವುಗಳನ್ನು ಉರಿಸಿದ್ದೆವು. ಪದ ಗೊತ್ತಿದ್ದರೆ ಕಾಗದ ಉಳಿಯುತ್ತಿತ್ತು, ಕಾಗದ ಉಳಿದಿದ್ದರೆ ಕೂಲಿ ಉಳಿಯುತ್ತಿತ್ತು.

ನ್ಯಾಯಸ್ಥಾಪಕರ ಪುಸ್ತಕದ 12ನೆಯ ಅಧ್ಯಾಯವನ್ನು ನೀವು ಬಲ್ಲಿರಿ. ಯೊರ್ದನ್ ಹೊಳೆಯ ಹಾಯಗಡದಲ್ಲಿ ಕಾವಲುಗಾರರು ನಿಂತು, ದಾಟಬಂದವರಿಂದ ‘ಶಿಬ್ಬೋಲೆತ್’ ಎಂಬ ಒಂದು ಮಾತು ಹೇಳಿಸುತ್ತಿದ್ದರು. ಹೇಳಲು ಬಾರದವನು ದಾಟಲಿಲ್ಲ. ನಮ್ಮ ಕಚೇರಿಗಳ ಬಾಗಿಲಲ್ಲಿಯೂ ಅಂಥ ಮಾತುಗಳು ಕಾವಲು ನಿಂತಿವೆ. ನಾಲಿಗೆ ತಿರುಗದಿದ್ದರೂ ಚಿಂತೆಯಿಲ್ಲ, ಅರ್ಥ ತಿಳಿದಿದ್ದರೆ ಸಾಕು.

ಹಾಗಾದರೆ ಕಲಿಯುವುದು ಹೇಗೆ? ಮೊದಲು ನಾವು ಮಾಡಿದ ತಪ್ಪನ್ನು ಹೇಳುತ್ತೇವೆ. ಎಸ್.ಎಸ್.ಎಲ್.ಸಿ. ಮುಗಿಸಿದ ಹುರುಪಿನಲ್ಲಿ ಡಿಕ್ಷನರಿ ತೆರೆದು, ಮೊದಲ ಪುಟದಿಂದ ಬಾಯಿಪಾಠಕ್ಕೆ ಕುಳಿತೆವು. ಆ ಪುಟದಲ್ಲಿ ‘ಅಬ್ಯಾಂಡನ್’ ಎಂಬ ಪದವಿದೆ, ಕೈಬಿಡು ಎಂದರ್ಥ. ಮೂರು ವಾರದಲ್ಲಿ ಡಿಕ್ಷನರಿಯನ್ನೇ ಅಬ್ಯಾಂಡನ್ ಮಾಡಿದೆವು! ನಗಬೇಡಿ, ನಿಮ್ಮಲ್ಲಿಯೂ ಕೆಲವರು ಮಾಡಿದ್ದೀರಿ. ಬದುಕಿಗೆ ತಾಗದ ಪದ ಬಾಯಲ್ಲಿ ನಿಲ್ಲುವುದಿಲ್ಲ.

ಆದುದರಿಂದ ಮೊದಲನೆಯ ನಿಯಮ: ಪದವನ್ನು ಕೈಗೆ ಬಂದ ಕಾಗದದಿಂದಲೇ ಆರಿಸಿರಿ. ಸಂಬಳದ ಚೀಟಿಯಲ್ಲಿ ‘ಡಿಡಕ್ಷನ್’ ಎಂದರೆ ಹಿಡಿತ. ‘ಅರಿಯರ್ಸ್’ ಎಂದರೆ ಬರಬೇಕಾದ ಬಾಕಿ. ‘ನೆಟ್’ ಎಂದರೆ ಹಿಡಿತ ಕಳೆದು ಕೈಗೆ ಬರುವುದು. ಮಾತ್ರೆಯ ಹಾಳೆಯಲ್ಲಿ ‘ಎಕ್ಸ್‌ಪೈರಿ’ ಎಂದರೆ ಅವಧಿ ಮುಗಿಯುವ ದಿನ. ಔಷಧಿ ಹೊಡೆಯುವ ಸಹೋದರರು ಡಬ್ಬಿಯ ಮೇಲಿನ ಬಣ್ಣದ ಗುರುತನ್ನೂ ಪದವನ್ನೂ ಕೂಡಿಸಿ ಕಲಿಯಲಿ. ಕೆಂಪು ಮತ್ತು ಹಳದಿಯಲ್ಲಿ ‘ಪಾಯ್ಸನ್’, ವಿಷ. ನೀಲಿಯಲ್ಲಿ ‘ಡೇಂಜರ್’, ಅಪಾಯ. ಹಸಿರಿನಲ್ಲಿ ‘ಕಾಷನ್’, ಎಚ್ಚರಿಕೆ. ಹಸಿರೆಂದರೆ ಕುಡಿಯುವ ನೀರೆಂದು ಭಾವಿಸಬೇಡಿ, ಅದೂ ವಿಷದ ಜಾತಿಯೇ.

ಎರಡನೆಯ ನಿಯಮ: ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಒಂದೇ ಪದ ಬರೆಯಿರಿ. ಇಂಗ್ಲಿಷ್ ಅಕ್ಷರಗಳನ್ನು ಕಾಗದ ನೋಡಿ ತಿದ್ದಿರಿ, ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ, ಕೆಳಗೆ ಅರ್ಥ, ಅದರ ಕೆಳಗೆ ನಿಮ್ಮ ಮನೆಯ ಒಂದು ವಾಕ್ಯ. ‘ಈ ತಿಂಗಳು ಅರಿಯರ್ಸ್ ಬರಲಿಲ್ಲ’ ಎಂದು ಕನ್ನಡದ ನಡುವೆಯೇ ಸೇರಿಸಿ ಆಡಿರಿ, ತಪ್ಪಿಲ್ಲ.

ಮೂರನೆಯ ನಿಯಮ: ತಿರುಗಿ ನೋಡಿರಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದರು. ಮರೆವು ಮೊದಲ ಗಂಟೆಗಳಲ್ಲೇ ಬಹಳ, ಆಮೇಲೆ ನಿಧಾನ ಎಂದು ಅವರು ಕಂಡರು. ಹೊಸ ಗಿಡಕ್ಕೆ ಮೊದಲ ವಾರ ನೀರು ಹೆಚ್ಚು ಬೇಕಲ್ಲವೇ? ಹಾಗೆಯೇ ಇಂದಿನ ಪದವನ್ನು ಮಲಗುವ ಮುಂಚೆ ಒಮ್ಮೆ, ನಾಳೆ ಒಮ್ಮೆ, ಮುಂದಿನ ಭಾನುವಾರ ಒಮ್ಮೆ, ತಿಂಗಳಿಗೊಮ್ಮೆ ನೆನೆಸಿರಿ.

ನಾಲ್ಕನೆಯ ನಿಯಮ: ಪದಕ್ಕೂ ಕುಟುಂಬ ಉಂಟು. ‘ಪೇ’ ಎಂದರೆ ಹಣ ಕೊಡು. ‘ಪೇಮೆಂಟ್’ ಕೊಡುವಿಕೆ, ‘ಪೇಯಬಲ್’ ಕೊಡಬೇಕಾದದ್ದು, ‘ಅನ್‌ಪೇಯ್ಡ್’ ಕೊಡದೆ ಉಳಿದದ್ದು. ಒಂದನ್ನು ಕಲಿತರೆ ಮೂರು ಬಳಗ ಬರುತ್ತವೆ. ಬಾಲವನ್ನೂ ನೋಡಿರಿ. ‘ಎಂಪ್ಲಾಯರ್’ ಕೆಲಸ ಕೊಡುವವನು, ‘ಎಂಪ್ಲಾಯೀ’ ಕೆಲಸಕ್ಕೆ ಸೇರಿದವನು. ಪಿ.ಎಫ್. ಕಾಗದದಲ್ಲಿ ಎರಡೂ ಅಕ್ಕಪಕ್ಕದಲ್ಲಿರುತ್ತವೆ. ಸಾಮಾನ್ಯವಾಗಿ ನಮ್ಮಿಂದ ನೂರಕ್ಕೆ 12, ಮಾಲೀಕರಿಂದ ನೂರಕ್ಕೆ 12. ಎರಡೂ ಬಿದ್ದಿವೆಯೇ ಎಂದು ತಿಳಿಯಬೇಕಾದರೆ ಆ ಬಾಲ ತಿಳಿಯಬೇಕು. ‘ನಾಮಿನಿ’ ಎಂದರೆ ನಾವು ಹೆಸರಿಸಿದವರು, ನಾವು ಸತ್ತರೆ ಹಣ ಪಡೆಯಬೇಕಾದವರು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ತಾಯಿ ತೀರಿಹೋದ ಮೇಲೂ ಬದಲಾಯಿಸದವರು ಈ ಕೂಟದಲ್ಲಿಯೇ ಇದ್ದೀರಿ. ನಾಳೆಯ ಪದ ಅದೇ ಆಗಲಿ.

ದಿನಕ್ಕೊಂದರಿಂದ ಏನಾದೀತು ಎನ್ನಬೇಡಿ. ಇಂಗ್ಲೆಂಡಿನ ಸಿ. ಕೆ. ಆಗ್ಡನ್ 1930ರಲ್ಲಿ 850 ಪದಗಳನ್ನು ಆರಿಸಿ, ಸಾಮಾನ್ಯ ವ್ಯವಹಾರಕ್ಕೆ ಇಷ್ಟು ಸಾಕು ಎಂದರು. ದಿನಕ್ಕೊಂದರಂತೆ ಅದು 2 ವರ್ಷ 4 ತಿಂಗಳ ಕೆಲಸ. ಢಾಕಾದಲ್ಲಿ ಮೇಷ್ಟರುಗಳಿಗೆ ಪಾಠ ಹೇಳಿ, ಬಂಗಾಳದ ಮಕ್ಕಳಿಗಾಗಿ ಓದುವ ಪುಸ್ತಕ ಬರೆದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ಅದಕ್ಕೆ ಐದೂವರೆ ವರ್ಷ. ಚಹಾ ಗಿಡ ನೆಟ್ಟು ಸರಿಯಾದ ಎಲೆ ಕೀಳಲು ಎಷ್ಟು ವರ್ಷ ಕಾಯುತ್ತೇವೆ?

ಭಾಷೆ ದೊರೆಗಳದ್ದು ಎಂದೂ ಹೆದರಬೇಡಿ. ‘ಪಾದ್ರಿ’, ‘ಮೇಜು’, ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದವು, ನಮ್ಮವಾದವು. ಫ್ಯಾಕ್ಟರಿಯಲ್ಲಿ ನೀವು ಹೊರುವ ಚೀಲದ ಮೇಲೆ ‘ಆರೆಂಜ್ ಪೆಕೊ’ ಎಂದಿರುತ್ತದೆ. ಅದಕ್ಕೂ ಕಿತ್ತಳೆಯ ರುಚಿಗೂ ಸಂಬಂಧವಿಲ್ಲ. ‘ಪೆಕೊ’ ಚೀನೀ ಮಾತು, ಚಿಗುರಿನ ಮೇಲಿನ ಬಿಳಿಯ ನವಿರು ಎಂದರ್ಥ. ಆ ನವಿರನ್ನು ದಿನವೂ ಬೆರಳಲ್ಲಿ ಮುಟ್ಟುವ ನಮ್ಮ ತಾಯಂದಿರಿಗೆ ಆ ಪದದ ಅರ್ಥ ಯಾವ ಇಂಗ್ಲಿಷಿನವನಿಗಿಂತಲೂ ಚೆನ್ನಾಗಿ ಗೊತ್ತು. 1853ರಲ್ಲಿ ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು ಕನ್ನಡದ ಒಂದೊಂದೇ ಮಾತನ್ನು ಕೂಡಿಹಾಕಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದರು. ಅವರು ನಮ್ಮ ಮಾತಿಗೆ ಅಷ್ಟು ಬೆವರು ಸುರಿಸಿದರು. ಅವರ ಕಡೆಯ ಮಾತಿಗೆ ನಾವು ದಿನಕ್ಕೆ ಐದು ನಿಮಿಷ ಕೊಡಲಾರೆವೇ? ಹಾಗೆಂದು ಕನ್ನಡವನ್ನು ಬಿಡಬೇಡಿ. ಅರ್ಥವನ್ನು ಬರೆದಿಡಲು ಬೇಕಾದ ಪಾತ್ರೆಯೇ ಅದು.

ನಮ್ಮ ಲೈನಿನಲ್ಲಿ ನಲ್ಲಿಯ ಪಕ್ಕದ ಗೋಡೆಗೆ ಕಪ್ಪು ಬಳಿದು, ದಿನಕ್ಕೊಂದು ಪದವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೇವೆ. ಕೊಡ ತುಂಬುವಷ್ಟರಲ್ಲಿ ಓದಿಯಾಗುತ್ತದೆ. ‘ಡಿಡಕ್ಷನ್’ ಬರೆದ ವಾರ ಒಬ್ಬ ಸಹೋದರಿ ತಮ್ಮ ಚೀಟಿ ಹಿಡಿದು ಬಂದು, ‘ಇದೇ ಪದದ ಕೆಳಗೆ ಒಂದೇ ಮೊತ್ತ ಎರಡು ಸಲ ಇದೆಯಲ್ಲಾ?’ ಎಂದರು. ಕಚೇರಿಯಲ್ಲಿ ಕೇಳಿದೆವು. ಬರೆಯುವಾಗ ಆದ ತಪ್ಪು, ಮುಂದಿನ ತಿಂಗಳು ಸರಿಪಡಿಸಿದರು. ಯಾರೂ ಗಲಾಟೆ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಆದರೆ ಆಕೆ ಓದದಿದ್ದರೆ ಯಾರೂ ತಿದ್ದುತ್ತಲೂ ಇರಲಿಲ್ಲ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ತಂದೆತಾಯಿ ಕಾಗದ ತಂದು ಕೇಳಿದಾಗ ಅರ್ಥ ತಿಳಿಯದಿದ್ದರೆ, ‘ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಎನ್ನಿರಿ. ನಾವು ಹಾಗೆ ಹೇಳಲಿಲ್ಲ. ನಮ್ಮ ತಾಯಿ ಈಗ ಇಲ್ಲ. ತೀರಿಕೊಳ್ಳುವವರೆಗೂ ಆ ವಿಷಯ ಎತ್ತಿ ನಮ್ಮನ್ನು ನೋಯಿಸಲಿಲ್ಲ. ನಲ್ಲಿಯ ಗೋಡೆಯ ಮೇಲೆ ಮೊದಲ ದಿನ ನಾವು ಬರೆದ ಪದ ‘ಟೆಂಪರರಿ’.

ಇಂದು ಮನೆಗೆ ಹೋಗಿ ಪೆಟ್ಟಿಗೆ ತೆರೆಯಿರಿ. ಒಂದು ಕಾಗದ, ಅದರಲ್ಲಿ ಒಂದು ಪದ. ಮುಂದಿನ ಕೂಟಕ್ಕೆ ಅದನ್ನು ತನ್ನಿರಿ. ಹಾಜರಿ ಚೀಟಿಗಳನ್ನು ಮಾತ್ರ ಒಲೆಗೆ ಹಾಕಬೇಡಿ.