ಹಿತ್ತಾಳೆ ವಾದ್ಯಗಳಲ್ಲಿ ವೆನಿಸ್‌ನ ಹಳೆಯ ಸಂಗೀತ



ವೆನಿಸ್ ನಗರದ ಸೇಂಟ್ ಮಾರ್ಕ್ ಇಗರ್ಜಿಯಲ್ಲಿ ಎದುರುಬದುರಾಗಿ ಉಪ್ಪರಿಗೆಗಳಿವೆ. 1585ರಿಂದ ಅಲ್ಲಿ ಆರ್ಗನ್ ನುಡಿಸುತ್ತಿದ್ದ ಜೊವಾನ್ನಿ ಗಾಬ್ರಿಯೇಲಿ ಎರಡು ತಂಡಗಳು ಸವಾಲು ಜವಾಬು ನಡೆಸುವಂಥ ಸಂಗೀತ ರಚಿಸಿದ. 1597ರಲ್ಲಿ ಅಚ್ಚಾದ ಅವನ ‘ಸೊನಾಟಾ ಪಿಯಾನ್ ಎ ಫೋರ್ಟೆ’, ಯಾವ ವಾದ್ಯ, ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಂಬುದನ್ನು ಅಚ್ಚಿನಲ್ಲೇ ಸೂಚಿಸಿದ ಮೊದಮೊದಲ ಕೃತಿಗಳಲ್ಲಿ ಒಂದು.

ಅದಕ್ಕೆ ಬೇಕಾದ ಎಂಟು ವಾದ್ಯಗಳಲ್ಲಿ ಆರು ಟ್ರಾಂಬೋನ್. ಏಳನೆಯದು ಪಿಟೀಲಿನ ಜಾತಿಯದು. ಎಂಟನೆಯದು ಕಾರ್ನೆಟೊ. ಇದು ಹಿತ್ತಾಳೆಯದಲ್ಲ. ಬಾಗಿದ ಮರದ ಕೊಳವೆಗೆ ತೊಗಲು ಸುತ್ತಿರುತ್ತಾರೆ. ಮೈಮೇಲೆ ಕೊಳಲಿಗಿರುವಂತೆ ತೂತುಗಳು. ಊದುವುದು ಮಾತ್ರ ಟ್ರಂಪೆಟ್‌ನಂತೆ, ತುಟಿ ಅದುರಿಸಿ. ಅದರ ದನಿ ಹಾಡುವ ಕಂಠಕ್ಕೆ ತೀರ ಹತ್ತಿರ.

ಕಾಲ ಸರಿದಂತೆ ಕಾರ್ನೆಟೊ ಮೂಲೆ ಸೇರಿತು, ಗಾಬ್ರಿಯೇಲಿಯೂ ಮರೆಯಾದ. ಕಾರ್ನೆಟೊದ ಜಾಗ ತುಂಬೋಣವೆಂದರೆ ಆಗಿನ ಟ್ರಂಪೆಟ್‌ಗೆ ಎಲ್ಲ ಸ್ವರಗಳೂ ಒಲಿಯುತ್ತಿರಲಿಲ್ಲ. 1818ರಲ್ಲಿ ಜರ್ಮನ್ ನಾಡಿನಲ್ಲಿ, ಕೊಳವೆಯ ಉದ್ದ ಬದಲಿಸುವ ವಾಲ್ವ್‌ಗೆ ಪೇಟೆಂಟ್ ಸಿಕ್ಕಿತು. ಕ್ರಮೇಣ ಆ ತೊಡಕು ನೀಗಿತು.

ಇಪ್ಪತ್ತನೆಯ ಶತಮಾನದ ಹಿತ್ತಾಳೆ ವಾದಕರಿಗೆ ಇದ್ದ ಕೊರಗೇ ಬೇರೆ. ತಂತಿವಾದ್ಯದವರಿಗೆ ಮೊಜಾರ್ಟ್, ಬೀಥೋವನ್ ಬರೆದ ಕ್ವಾರ್ಟೆಟ್‌ಗಳಿದ್ದವು. ಇವರ ಪಾಲಿಗೆ ಆ ದರ್ಜೆಯದು ಏನೂ ಇರಲಿಲ್ಲ. ಹಾಗಾಗಿ ಇನ್ನೂ ಹಿಂದಕ್ಕೆ, ಗಾಬ್ರಿಯೇಲಿಯ ಕಾಲಕ್ಕೆ ಹೋದರು. ಅಮೆರಿಕದ ರಾಬರ್ಟ್ ಕಿಂಗ್ ಹಳೆಯ ಕೃತಿಗಳನ್ನು ಹಿತ್ತಾಳೆ ತಂಡಗಳಿಗೆ ಹೊಂದಿಸಿ ಅಚ್ಚುಹಾಕಿದರು. 1951ರಲ್ಲಿ ಲಂಡನ್‌ನಲ್ಲಿ ಫಿಲಿಪ್ ಜೋನ್ಸ್ ಹಿತ್ತಾಳೆ ತಂಡ ಹುಟ್ಟಿತು. 1968ರಲ್ಲಿ ಷಿಕಾಗೊ, ಕ್ಲೀವ್‌ಲ್ಯಾಂಡ್, ಫಿಲಡೆಲ್ಫಿಯಾ ವಾದ್ಯವೃಂದಗಳ ಹಿತ್ತಾಳೆ ವಾದಕರು ಒಂದುಗೂಡಿ ಗಾಬ್ರಿಯೇಲಿಯನ್ನು ಧ್ವನಿಮುದ್ರಿಸಿದರು. ಸ್ಟೀರಿಯೊ ಮನೆಮನೆಗೆ ಬರುತ್ತಿದ್ದ ಕಾಲ ಅದು. ಎಡಗಡೆಯ ಸ್ಪೀಕರ್ ಒಂದು ಉಪ್ಪರಿಗೆ, ಬಲಗಡೆಯದು ಇನ್ನೊಂದು! ಆ ಮುದ್ರಿಕೆಗೆ ಗ್ರಾಮಿ ಪ್ರಶಸ್ತಿಯೂ ಬಂತು.

ಹಾಗಾದರೆ ಹೀಗೆ ಅಳವಡಿಸುವಾಗ ಕಳೆದುಕೊಂಡದ್ದೇನು? ಕಾರ್ನೆಟೊದ ಜಾಗಕ್ಕೆ ಟ್ರಂಪೆಟ್ ಬಂದಾಗ ಬೆಡಗು ಹೆಚ್ಚುತ್ತದೆ, ಆಪ್ತತೆ ತಗ್ಗುತ್ತದೆ. ಹಳೆಯ ಟ್ರಾಂಬೋನ್‌ನ ಬಾಯಿ ಕಿರಿದು, ನಾದ ತೆಳು. ಹಾಡುಗಾರರ ಜೊತೆ ಹೊಂದಿಕೊಂಡು ಹೋಗುತ್ತಿತ್ತು. ಇಂದಿನದು ಹಾಡನ್ನೇ ಮುಳುಗಿಸಬಲ್ಲದು. ಆದರೂ ಈ ಅಳವಡಿಕೆಗಳನ್ನು ಅಪಚಾರ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಗಾಬ್ರಿಯೇಲಿಯ ಹೆಸರನ್ನು ಸಾಮಾನ್ಯ ಕೇಳುಗರ ಬಾಯಿಗೆ ತಂದವರಲ್ಲಿ ಈ ವಾದಕರು ಮುಖ್ಯರು.

ಇಂದು ಕಾರ್ನೆಟೊ ನುಡಿಸುವವರೂ ಮತ್ತೆ ಇದ್ದಾರೆ. ದಯವಿಟ್ಟು ಅದೇ ಸೊನಾಟಾವನ್ನು ಎರಡೂ ಬಗೆಯಲ್ಲಿ, ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಿ ನೋಡಿ.