ದಿನಕ್ಕೊಂದು ಪುಟ



ಮುಂಬಯಿ ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಥೆ, ಪದ್ಯಗಳನ್ನು ಓದುತ್ತಾರೆ; ಸಂತೋಷ. ಆದರೆ ಲೋಕದ ಸಂಗತಿ ತಿಳಿಯಲು ಇಂಗ್ಲಿಷೇ ಬೇಕೆಂದು ಅವರಿಗೆ ಒಮ್ಮೆ ತೋರಿತೆಂದರೆ, ಕನ್ನಡವನ್ನು ಬಿಟ್ಟಂತೆಯೇ. ಆದುದರಿಂದ ಪ್ರತಿ ತರಗತಿಯಲ್ಲಿ ದಿನಕ್ಕೆ ಹತ್ತು ನಿಮಿಷ, ಒಂದು ಪುಟ, ವಿಷಯಜ್ಞಾನದ ಓದು ನಡೆಯಬೇಕೆಂಬುದು ನಮ್ಮ ಸೂಚನೆ.

ಕ್ರಮ ಸುಲಭ. ಸೋಮವಾರ ಗುರುಗಳು ಓದಿ ತೋರಿಸಲಿ. ಮಂಗಳವಾರದಿಂದ ಮಕ್ಕಳು ಸರದಿಯಂತೆ ಓದಲಿ. ಶುಕ್ರವಾರ ಪುಸ್ತಕ ಮುಚ್ಚಿ, ತಿಳಿದುದನ್ನು ಸ್ವಂತ ಮಾತಿನಲ್ಲಿ ಹೇಳಲಿ.

ವಿಷಯಗಳು ಋತುವಿನೊಡನೆ ಸಾಗಲಿ. ಜೂನಿನಲ್ಲಿ ಮಳೆ, ಮೋಡ. 1860ರಲ್ಲಿ ಸಿದ್ಧವಾದ ವಿಹಾರ ಕೆರೆ, ಅಲ್ಲಿಂದ ನಲ್ಲಿಗೆ ನೀರು ಬರುವ ಬಗೆ. ದೀಪಾವಳಿ ಕಳೆದ ಮೇಲೆ, 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಓಡಿದ ರೈಲು. ಚಳಿಗಾಲದಲ್ಲಿ ಠಾಣೆಯ ಖಾರಿಗೆ ಬರುವ ಫ್ಲೆಮಿಂಗೋ ಹಕ್ಕಿಗಳು. ಬೇಸಿಗೆ ರಜೆಗೆ ಮುನ್ನ, ನಮ್ಮೂರ ಹೊಳೆ, ಬೆಳೆಗಳು.

ಪುಸ್ತಕಗಳಿಲ್ಲವೆನ್ನಬೇಡಿ. ಶಿವರಾಮ ಕಾರಂತರು ಮಕ್ಕಳಿಗಾಗಿಯೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದಿಟ್ಟಿದ್ದಾರೆ. ನಮ್ಮ ಈ ವಾಚನಾಲಯವೂ ಒಂದು ಕಪಾಟನ್ನು ಮಕ್ಕಳಿಗೆ ಬಿಟ್ಟುಕೊಡಲಿ.

ಇನ್ನು ನಾವು ಮಾಡಬೇಕಾದುದು ಇಷ್ಟೇ: ಪಾಳಿ ಮುಗಿಸಿ ಮನೆಗೆ ಬಂದಾಗ, “ಇಂದು ಏನು ತಿಳಿದೆ?” ಎಂದು ಮಗುವನ್ನು ಕೇಳುವುದು. ಅದಕ್ಕೆ ನಮಗೆ ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ.